ಸೋಮಕ್ಕನ ಕಟ್ಟೆಯ ಅಳತೆ

ನರಿಗುಡ್ಡದ ಪಾಳ್ಯ, ಚೇಳೂರು ಹೋಬಳಿ
24 ನವೆಂಬರ್ 2023

ತಂಗಿ ಶಶಿಕಲಾಗೆ ಅಣ್ಣಯ್ಯ ಬೀರಯ್ಯನ ಆಶೀರ್ವಾದ.

ಮೊನ್ನೆ ಮಂಗಳವಾರ ಅಹವಾಲು ಸಭೆ ಮುಗಿದ ಮೇಲೆ ನಿನ್ನನ್ನು ಮಾತಾಡಿಸೋಣವೆಂದು ಶಾಮಿಯಾನದ ಪಕ್ಕದಲ್ಲೇ ನಿಂತಿದ್ದೆ. ನೀನು ಫೈಲುಗಳನ್ನು ಎದೆಗವಚಿಕೊಂಡು ನೇರ ಜೀಪಿಗೆ ಹೋಗಿ ಕೂತೆ. ಒಂದು ಸಲ ನನ್ನ ಕಡೆ ನೋಡಿ ಮುಖ ತಿರುಗಿಸಿದೆ. ಮನೆಗೆ ಬಂದ ಮೇಲೆ ನಿನ್ನ ಅತ್ತಿಗೆ ಪುಟ್ಟಗಂಗಮ್ಮ ಅದನ್ನೇ ಹಿಡಿದು ಕೂತಳು. ಅವಳೊಬ್ಬಳ ತುಟಿ ಓದಲು ನನಗೆ ಬರುತ್ತದಲ್ಲ, "ಒಡಹುಟ್ಟಿದ ಅಣ್ಣನ್ನ ಕಂಡೂ ಕಾಣ್ದಂಗೆ ಹೋದ್ಲಲ್ಲ" ಎಂದಳು. ನಾನು ಬೈದೆ. "ಅವ್ಳು ಸರ್ಕಾರದ ಕೆಲ್ಸದ ಮ್ಯಾಲೆ ಬಂದಿದ್ಲು ಕಣೆ. ಅಲ್ಲಿ ಅಣ್ಣ, ತಂಗಿ ಅಂತ ಮಾತಾಡ್ಕಂಡು ನಿಂತ್ರೆ ನಾಳೆ ಕಂಪನಿಯೋರು ಸುಮ್ಕೆ ಬುಡ್ತಾರಾ?" ಎಂದೆ. ನೀನು ಮಾಡಿದ್ದೇ ಸರಿ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ನಮ್ಮ ನರಿಗುಡ್ಡದ ಹದಿನೆಂಟು ಎಕರೆಯಲ್ಲಿ ಕಲ್ಲುಗಣಿ, ಕ್ರಷರ್ ಮಾಡುತ್ತೇವೆಂದು ಕಂಪನಿಯವರು ಅರ್ಜಿ ಹಾಕಿದಾಗ ಊರೆಲ್ಲ ಕೈಚೆಲ್ಲಿ ಕೂತಿತ್ತು. ಆದರೆ ಊರವರನ್ನು ಕೂರಿಸಿ, ಇದರಿಂದ ನಿಮಗೇನು ತೊಂದರೆ ಎಂದು ಸರ್ಕಾರ ಕೇಳಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಅದೂ ಹೇಳಿದ್ದನ್ನೆಲ್ಲ ಬರೆದುಕೊಳ್ಳಲು ನನ್ನ ತಂಗಿಯೇ ಕೂತಿದ್ದಾಳೆ. ನನಗೆ ಎಲ್ಲಿಂದ ಧೈರ್ಯ ಬಂತೋ, ಎದ್ದು ಮೈಕ್ ಹಿಡಿದೆ. ಕಿವಿ ಹೋಗಿ ಒಂಬತ್ತು ವರ್ಷವಾಯಿತು. ನನ್ನ ದನಿ ಎಷ್ಟು ಜೋರಾಗಿದೆ, ಎಷ್ಟು ಸಣ್ಣಗಿದೆ ಎಂದು ನನಗೇ ತಿಳಿಯುವುದಿಲ್ಲ. ಆದರೂ ನಮ್ಮ ಸೋಮಕ್ಕನ ಕಟ್ಟೆಯ ನೀರಿನ ಬಗ್ಗೆ ಹೇಳಬೇಕಾದ್ದನ್ನು ಹೇಳಿದೆ. ಕೊನೆಗೆ ನಿಮ್ಮ ಪರಿಸರ ಕಚೇರಿಯ ಅಂಜನ್‌ಕುಮಾರ್ ಸಾಹೇಬರು ಮೈಕಿನಲ್ಲಿ ಏನೋ ಹೇಳಿದರು, ಜನ ನಕ್ಕು ಚಪ್ಪಾಳೆ ತಟ್ಟಿದರು. ನನಗೆ ಕೈಗಳು ಕಂಡವೇ ಹೊರತು ಮಾತು ಕೇಳಲಿಲ್ಲ.

ಆಮೇಲೆ ನೀನು ಎದ್ದು ನಿಂತು ನಾಲ್ಕು ಹಾಳೆ ಓದಿದೆ. ಅಷ್ಟು ಹೊತ್ತಿಗೆ ಊಟದ ಪೊಟ್ಟಣ ಕೊಡುತ್ತಿದ್ದರು, ಎಲ್ಲ ಅತ್ತ ಹೋಗಿದ್ದರು. ನಾನೊಬ್ಬ ಮುಂದೆ ಕೂತು ನೀನು ಓದುವುದನ್ನು ನೋಡಿದೆ. ಶಿರಾ ಗೇಟಿನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಹೋಗುತ್ತಿದ್ದ ಹುಡುಗಿ ಮೈಕಿನ ಮುಂದೆ ಹಾಗೆ ನಿಂತಿದ್ದು ನೋಡಿ ಹೊಟ್ಟೆ ತಣ್ಣಗಾಯಿತು.

ಈಗ ಎರಡು ವಿಷಯ ತಿಳಿಸು. ಸಾಹೇಬರು ನನ್ನ ಮಾತಿಗೆ ಏನು ಉತ್ತರ ಕೊಟ್ಟರು? ನೀನು ಓದಿದ ಹಾಳೆಯಲ್ಲಿ ನಾನು ಹೇಳಿದ್ದು ಬಂತೇ? ಪಂಚಾಯ್ತಿ ಮೆಂಬರ್ ಕದರಯ್ಯನನ್ನು ಕೇಳಿದೆ. ನನ್ನ ನೋಟ್‌ಬುಕ್ಕಿನಲ್ಲಿ "ನಾನು ಊಟದ ಸಾಲಲ್ಲಿದ್ದೆ" ಎಂದು ಬರೆದ.

ಮಗಳು ಪೂಜಾಳಿಗೆ, ಯಜಮಾನರು ರವೀಶ್ ಅವರಿಗೆ ನನ್ನ ನೆನಪು ಹೇಳು.

ನಿನ್ನ ಅಣ್ಣಯ್ಯ
ಬೀರಯ್ಯ


ತುಮಕೂರು
4 ಡಿಸೆಂಬರ್ 2023

ಪ್ರೀತಿಯ ಅಣ್ಣಯ್ಯನವರಿಗೆ ಶಶಿಕಲಾ ಮಾಡುವ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಒಂದು ವಾರವಾಯಿತು. ಪೂಜಾಳ ಟೆಸ್ಟು, ಕಚೇರಿಯ ಕೆಲಸ, ಎಲ್ಲ ಸೇರಿ ತಡವಾಯಿತು. ಆವತ್ತು ಮಾತಾಡಿಸದೆ ಬಂದದ್ದಕ್ಕೆ ಕ್ಷಮಿಸಿ. ನೀವು ಅರ್ಥ ಮಾಡಿಕೊಂಡಿರಿ, ಅತ್ತಿಗೆಗೂ ಹೇಳಿ.

ನೀವು ತುಂಬ ಚೆನ್ನಾಗಿ ಮಾತಾಡಿದಿರಿ. ದನಿ ಸ್ಪಷ್ಟವಾಗಿತ್ತು, ಹಿಂದಿನ ಸಾಲಿನವರಿಗೂ ಕೇಳಿಸಿತು. ಸಾಹೇಬರು ನಿಮ್ಮ ಮಾತನ್ನು ಗಮನಕ್ಕೆ ತೆಗೆದುಕೊಂಡಿದ್ದಾರೆ. ಗಣಿಗೆ ಒಪ್ಪಿಗೆ ಕೊಡುವ ಬೆಂಗಳೂರಿನ ಸಮಿತಿಗೆ ಫೈಲು ಹೋಗುವ ಮೊದಲು ಕಟ್ಟೆಯ ಹತ್ತಿರ ಬಂದು ಅಳತೆ ಮಾಡಿಸೋಣ ಎಂದು ಸಭೆ ಮುಗಿದ ಮೇಲೆ ಹೇಳಿದರು. ನಾನು ಓದಿದ್ದರಲ್ಲಿ ನಿಮ್ಮ ಹೆಸರು ಇತ್ತು.

ಆದ್ದರಿಂದ ಯೋಚನೆ ಮಾಡಬೇಡಿ. ಚಳಿ ಹೆಚ್ಚಾಗಿದೆ, ಬೆಳಿಗ್ಗೆ ಹೊಲಕ್ಕೆ ಹೋಗುವಾಗ ಮಫ್ಲರ್ ಸುತ್ತಿಕೊಳ್ಳಿ.

ನಿಮ್ಮ
ಶಶಿ


ನರಿಗುಡ್ಡದ ಪಾಳ್ಯ
17 ಡಿಸೆಂಬರ್ 2023

ತಂಗಿ ಶಶಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಆಮೇಲೆ ಪುಟ್ಟಗಂಗಮ್ಮನಿಗೆ ಓದಿ ಹೇಳಿದೆ. ಅರಳಿಕಟ್ಟೆಗೆ ಹೋಗಿ ಅಲ್ಲಿದ್ದವರಿಗೂ ಹೇಳಿದೆ. "ಅಳೆಯಕ್ಕೆ ಬತ್ತಾರಂತೆ, ನನ್ ತಂಗಿ ಬರ್ದವ್ಳೆ" ಎಂದೆ.

ನಿನಗೆ ಗೊತ್ತಲ್ಲ, ಕಂಪನಿಯವರ ವರದಿಯ ಕನ್ನಡ ಸಾರಾಂಶವನ್ನು ಪಂಚಾಯ್ತಿಯಲ್ಲಿ ಇಟ್ಟಿದ್ದರು. ಅದರಲ್ಲಿ ಅತಿ ಹತ್ತಿರದ ನೀರು ಒಂದೂಕಾಲು ಕಿಲೋಮೀಟರ್ ದೂರ ಎಂದಿದೆ. ನಮ್ಮ ಸೋಮಕ್ಕನ ಕಟ್ಟೆಯ ಹೆಸರೇ ಇಲ್ಲ. ಗುಡ್ಡದ ಮೇಲೆ ಗೋಡಂಬಿ ತೋಪಿದೆ ಎಂದೂ ಬರೆದಿದ್ದಾರೆ. ನಮ್ಮ ಹೋಬಳಿಯಲ್ಲಿ ಗೋಡಂಬಿ ಮರವನ್ನು ಯಾರು ಕಂಡಿದ್ದಾರೆ? ನಮ್ಮ ರಿಟೈರ್ಡ್ ಮೇಷ್ಟ್ರು ಶಿವರಾಮಯ್ಯನವರು ಅದನ್ನು ಓದಿ, ಯಾವುದೋ ಊರಿನ ವರದಿಯನ್ನು ಇಲ್ಲಿಗೆ ಅಂಟಿಸಿದ್ದಾರೆ ಎಂದು ನನ್ನ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸಿದರು.

ಮೇಷ್ಟ್ರು ಬೆಂಗಳೂರಿಗೆ ಕಳಿಸಲು ಒಂದು ದೊಡ್ಡ ತಕರಾರು ಅರ್ಜಿ ಬರೆದು, ಊರಿನ ಅರವತ್ತೆರಡು ಜನರ ಸಹಿ ಹಾಕಿಸಿದ್ದರು. ನಾನೇ ಬೇಡವೆಂದೆ. "ಮೇಷ್ಟ್ರೇ, ಅವ್ರೇ ಅಳೀತೀವಿ ಅಂದವ್ರೆ. ಈಗ ಮ್ಯಾಲಿನೋರ್ಗೆ ಕಂಪ್ಲೇಂಟ್ ಹಾಕುದ್ರೆ ಸಾಹೇಬ್ರಿಗೆ ಸಿಟ್ಟು ಬಂದೀತು. ಒಸಿ ತಡೀರಿ" ಎಂದೆ. ಮೇಷ್ಟ್ರಿಗೆ ಮನಸ್ಸಿರಲಿಲ್ಲ. ಆದರೆ ಆಫೀಸಿನ ಒಳಗಿನವಳು ಬರೆದಿದ್ದಾಳೆಂದ ಮೇಲೆ ಒಪ್ಪಿದರು. ಅರ್ಜಿ ಅವರ ಟ್ರಂಕಿನಲ್ಲಿದೆ.

ನಾನೂ ಕದರಯ್ಯನೂ ಹಗ್ಗ ಹಿಡಿದು ಅಳೆದೆವು. ಕಂಪನಿ ನೆಟ್ಟ ಗಡಿಕಲ್ಲಿನಿಂದ ಕಟ್ಟೆಯ ಏರಿಗೆ ತೊಂಬತ್ತೆಂಟು ಮಾರು. ಇನ್ನೂರು ಮೀಟರ್ ಕೂಡ ಆಗುವುದಿಲ್ಲ. ಏರಿಯ ಮೇಲಿನ ಜಾಲಿ ಕಡಿದು ದಾರಿ ಮಾಡಿದ್ದೇವೆ, ಬಂದವರ ಪ್ಯಾಂಟು ಹರಿಯಬಾರದಲ್ಲ. ಯಾವ ದಿನ ಬರುತ್ತಾರೆಂದು ಮುಂಚೆ ತಿಳಿಸಿದರೆ ಪುಟ್ಟಗಂಗಮ್ಮ ಅವರೆಕಾಳು ಸಾರು, ಮುದ್ದೆ ಮಾಡುತ್ತಾಳೆ.

ನಿನ್ನ ಅಣ್ಣಯ್ಯ


ತುಮಕೂರು
20 ಜನವರಿ 2024

ಅಣ್ಣಯ್ಯನವರಿಗೆ ನಮಸ್ಕಾರ.

ಸಂಕ್ರಾಂತಿಗೆ ಕಳಿಸಿದ ಎಳ್ಳು, ಅವರೆಕಾಯಿ ತಲುಪಿತು. ಪೂಜಾ ಅರ್ಧ ಎಳ್ಳನ್ನು ಒಬ್ಬಳೇ ತಿಂದಳು.

ಅಳತೆಗೆ ಬರುವವರು ಬೇರೆ ಇಲಾಖೆಯವರು, ಸ್ವಲ್ಪ ಸಮಯ ಹಿಡಿಯುತ್ತದೆ. ಈ ಬಗ್ಗೆ ನೀವು ಕಚೇರಿಗೆ ಬರುವುದು ಬೇಡ. ನಾನು ನಿಮ್ಮ ತಂಗಿಯೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾದರೆ ನನಗೆ ತೊಂದರೆ.

ಮೇಷ್ಟ್ರು ಅರ್ಜಿ ಕಳಿಸಬೇಕೆಂದಿದ್ದರೆ ಕಳಿಸಲಿ ಅಣ್ಣಯ್ಯ. ನನ್ನ ಮಾತಿನ ಮೇಲೆ ನಿಲ್ಲಿಸುವುದು ಬೇಡ.

ಶಶಿ


ನರಿಗುಡ್ಡದ ಪಾಳ್ಯ
3 ಮಾರ್ಚ್ 2024

ತಂಗಿ ಶಶಿಗೆ ಆಶೀರ್ವಾದ.

ನಿನ್ನ ಕಾಗದದಲ್ಲಿ ಅರ್ಜಿ ಕಳಿಸಲಿ ಎಂದು ಬರೆದಿದ್ದೆ. ಓದಿದ ಕೂಡಲೇ ನನಗೆ ನಿನ್ನ ಕಷ್ಟ ತಿಳಿಯಿತು. ನಮ್ಮನ್ನು ತಡೆದೆ ಎಂಬ ಮಾತು ನಿನ್ನ ಮೇಲೆ ಬರಬಾರದೆಂದು ಹಾಗೆ ಬರೆದಿದ್ದೀಯ. ನಿನ್ನ ಮನಸ್ಸು ನನಗೆ ಗೊತ್ತಿಲ್ಲವೇ? ಅರ್ಜಿ ಕಳಿಸಲಿಲ್ಲ. ಮೇಷ್ಟ್ರು ಮತ್ತೆ ಕೇಳಿದರು, "ನನ್ ತಂಗಿ ಮಾತು ಅಂದ್ರೆ ಮಾತು ಸಾರ್" ಎಂದೆ.

ಬಿಸಿಲು ಏರಿದೆ. ಮೇಗಲ ಬೋರ್‌ವೆಲ್ ಎರಡು ನಿಂತವು. ಆದರೆ ಸೋಮಕ್ಕನ ಕಟ್ಟೆಯಲ್ಲಿ ಮೊಣಕಾಲುದ್ದ ನೀರಿದೆ. ಗುಡ್ಡದ ಬುಡದ ಬಂಡೆಸೀಳಿನಿಂದ ದಾರದಷ್ಟು ದಪ್ಪ ಬರುತ್ತದಲ್ಲ, ಅದು ನಿಂತಿಲ್ಲ. ನಲವತ್ತು ಮನೆಯ ದನಗಳಿಗೆ ಈಗ ಅದೇ. ಅಳೆಯುವವರು ಈ ತಿಂಗಳೇ ಬಂದರೆ ಒಳ್ಳೆಯದು. ಬೇಸಿಗೆಯಲ್ಲೂ ನೀರಿರುವುದು ಅವರ ಕಣ್ಣಿಗೇ ಕಾಣುತ್ತದೆ. ಅಷ್ಟನ್ನು ನಿಮ್ಮ ಸಾಹೇಬರ ಕಿವಿಗೆ ಹಾಕು.

ಶಿವರಾತ್ರಿಗೆ ಬರುತ್ತೀಯಾ?

ಅಣ್ಣಯ್ಯ


ಕುಣಿಗಲ್
8 ಏಪ್ರಿಲ್ 2024

ಅಣ್ಣಯ್ಯನವರಿಗೆ ಯುಗಾದಿಯ ನಮಸ್ಕಾರ.

ಶಿವರಾತ್ರಿಗೆ ಬರಲಾಗಲಿಲ್ಲ. ಎರಡು ತಿಂಗಳ ಮಟ್ಟಿಗೆ ನನ್ನನ್ನು ಕುಣಿಗಲ್ ಕಡೆ ಹಾಕಿದ್ದಾರೆ. ಬೆಳಿಗ್ಗೆ ತುಮಕೂರಿನಿಂದ ಬಸ್ಸು, ಸಂಜೆ ವಾಪಸ್. ಇಲ್ಲಿಯೂ ಒಂದು ಗಣಿಯ ಅಹವಾಲು ಸಭೆ ಆಯಿತು. ಹೊನ್ನಯ್ಯ ಎಂಬ ಮುದುಕರೊಬ್ಬರು ಎದ್ದು ಮಾತಾಡಿದರು. ನಿಮ್ಮ ನೆನಪಾಯಿತು. ನನಗೆ ಆವತ್ತು ಊಟ ಸೇರಲಿಲ್ಲ.

ಚುನಾವಣೆ ಬಂದಿದೆ. ನೀತಿಸಂಹಿತೆ ಇರುವಾಗ ಯಾವ ಕಚೇರಿಯಲ್ಲೂ ಏನೂ ನಡೆಯುವುದಿಲ್ಲ. ಎಲ್ಲ ಮುಗಿಯಲಿ, ಆಮೇಲೆ ಬರೆಯುತ್ತೇನೆ.

ರವೀಶ್‌ಗೆ ಬಿಪಿ ಹೆಚ್ಚಾಗಿದೆ. ಪೂಜಾಳಿಗೆ ಪಿಯುಸಿಯಲ್ಲಿ ಸೈನ್ಸ್ ಬೇಕಂತೆ. ಅತ್ತಿಗೆಯ ಮಂಡಿನೋವು ಹೇಗಿದೆ?

ಶಶಿ


ನರಿಗುಡ್ಡದ ಪಾಳ್ಯ
11 ಜುಲೈ 2024

ತಂಗಿ ಶಶಿಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ. ಕಂಪನಿಯವರು ಮೋಸ ಮಾಡಿದ್ದಾರೆ. ನಿಮ್ಮ ಸಾಹೇಬರಿಗೆ ಗೊತ್ತಿದೆಯೋ ಇಲ್ಲವೋ, ಕೂಡಲೇ ತಿಳಿಸು.

ಹದಿನೈದು ದಿನದಿಂದ ಜೆಸಿಬಿ ತಂದು ಗುಡ್ಡಕ್ಕೆ ದಾರಿ ಮಾಡುತ್ತಿದ್ದರು. ಅಳತೆಯವರಿಗೆ ದಾರಿ ಇರಬೇಕು ಎಂದುಕೊಂಡೆ. ನಿನ್ನೆ ಮಧ್ಯಾಹ್ನ ಹಸು ಕುಡಿಸಲು ಕಟ್ಟೆಯಲ್ಲಿದ್ದೆ. ಅಂಗಾಲಿಗೆ ಜುಮ್ಮೆಂದಿತು. ಹದಿನಾಲ್ಕು ವರ್ಷ ಕ್ರಷರಿನಲ್ಲಿ ದುಡಿದವನಿಗೆ ಅದು ಏನೆಂದು ಹೇಳಿಕೊಡಬೇಕೇ? ಹಸು ಹಗ್ಗ ಕಿತ್ತುಕೊಂಡು ಓಡಿತು. ತಿರುಗಿ ನೋಡಿದರೆ ಗುಡ್ಡದ ಬಡಗಣ ನೆತ್ತಿಯಿಂದ ದೂಳು ಏಳುತ್ತಿತ್ತು. ಪುಟ್ಟಗಂಗಮ್ಮ ಮನೆಯಿಂದ ಓಡಿ ಬಂದಳು. ಬಾಯಿ ಆಡುತ್ತಿತ್ತು, ಅಳುತ್ತಿದ್ದುದರಿಂದ ತುಟಿ ಓದಲಾಗಲಿಲ್ಲ.

ಇವತ್ತು ಬೆಳಿಗ್ಗೆ ಬಂಡೆಸೀಳಿಗೆ ಕೈ ಇಟ್ಟು ನೋಡಿದೆ. ಒದ್ದೆ ಇದೆ, ಹನಿ ಬೀಳುತ್ತಿಲ್ಲ.

ಅಳೆಯುವ ಮೊದಲೇ ಸಿಡಿಮದ್ದು ಇಟ್ಟಿದ್ದಾರೆಂದು ಸಾಹೇಬರಿಗೆ ಹೇಳು. ಅವರೇ ಬಂದು ಅಳೆಯುತ್ತೇವೆಂದು ಮಾತು ಕೊಟ್ಟವರು, ಸುಮ್ಮನಿರುವುದಿಲ್ಲ. ಈ ಕಾಗದ ತಲುಪಿದ ದಿನವೇ ಹೇಳು ಶಶಿ.

ಅಣ್ಣಯ್ಯ


ನರಿಗುಡ್ಡದ ಪಾಳ್ಯ
2 ಆಗಸ್ಟ್ 2024

ಶಶಿಕಲಾಗೆ,

ನಿನ್ನಿಂದ ಉತ್ತರವಿಲ್ಲ.

ಸೋಮವಾರ ಕಂಪನಿಯ ಜೀಪು ನಮ್ಮ ಮನೆಯ ಬಾಗಿಲಿಗೆ ಬಂತು. ಊರೆಲ್ಲ ನೋಡುತ್ತಿತ್ತು. ಸೂಪರ್‌ವೈಸರ್ ಒಬ್ಬ ಇಳಿದು ಕೈಮುಗಿದು, ನನ್ನ ನೋಟ್‌ಬುಕ್ಕಿನಲ್ಲಿ ಬರೆದ. ನಾನು ಕೇಳಿದ್ದ ಕೆಲಸ ಮಂಜೂರಾಗಿದೆಯಂತೆ. ಸಿಡಿಸುವ ಹೊತ್ತಿನಲ್ಲಿ ದಾರಿಯಲ್ಲಿ ಕೆಂಪು ಬಾವುಟ ಹಿಡಿದು ನಿಲ್ಲಬೇಕು. ಕಿವಿ ಕೇಳದವನಿಗೆ ಆ ಕೆಲಸ.

"ನಾನ್ಯಾವಾಗ ಕೆಲ್ಸ ಕೇಳಿದ್ದೆ?" ಎಂದೆ. ಅವನು ಒಂದು ಜೆರಾಕ್ಸ್ ತೆಗೆದು ಕೊಟ್ಟ. ಸಭೆಯ ನಡವಳಿ ಎಂದು ತಲೆಬರಹ. ಏಳನೇ ನಂಬರಿನಲ್ಲಿ ಹೀಗಿದೆ:

"ಶ್ರೀ ಬೀರಯ್ಯ, ನರಿಗುಡ್ಡದ ಪಾಳ್ಯ. ಕ್ರಷರ್ ಉದ್ಯಮದಲ್ಲಿ ಹದಿನಾಲ್ಕು ವರ್ಷಗಳ ಅನುಭವ ಹೊಂದಿರುವ ಇವರು ಸ್ಥಳೀಯರಿಗೆ ಉದ್ಯೋಗದಲ್ಲಿ ಆದ್ಯತೆ ನೀಡಬೇಕೆಂದು ಕೋರಿದರು. ಕಂಪನಿಯ ಉತ್ತರ: ಪರಿಗಣಿಸಲಾಗುವುದು."

ಕಟ್ಟೆಯ ಮಾತು ಎಲ್ಲೂ ಇಲ್ಲ. ಕೊನೆಯಲ್ಲಿ, ನಡವಳಿಯನ್ನು ಸಭೆಯಲ್ಲಿ ಓದಿ ಹೇಳಲಾಯಿತು, ಯಾರೂ ಆಕ್ಷೇಪಿಸಲಿಲ್ಲ ಎಂದಿದೆ. ಬೆಂಗಳೂರಿನಿಂದ ಒಪ್ಪಿಗೆ ಬಂದದ್ದು ಮಾರ್ಚ್ ಹನ್ನೆರಡಕ್ಕೆ. ಅದನ್ನು ಮೇಷ್ಟ್ರು ಪತ್ತೆ ಮಾಡಿದರು. ತಕರಾರು ಹಾಕಲು ತೊಂಬತ್ತು ದಿನ ಗಡುವಿತ್ತಂತೆ, ಜೂನಿನಲ್ಲೇ ಮುಗಿಯಿತಂತೆ.

ನಾನು ಒಂದೇ ಕೇಳುತ್ತೇನೆ. ಆ ಏಳನೇ ನಂಬರನ್ನು ಟೈಪ್ ಮಾಡಿದ್ದು ಯಾರು?

ಬೀರಯ್ಯ


ತುಮಕೂರು
9 ಆಗಸ್ಟ್ 2024

ಅಣ್ಣಯ್ಯ,

ನಾನು.

ಹೇಗೆ ಬರೆಯಬೇಕೋ ತಿಳಿಯುತ್ತಿಲ್ಲ. ಆದದ್ದು ಆದ ಹಾಗೆ ಬರೆಯುತ್ತೇನೆ.

ಸಭೆಯ ಹಿಂದಿನ ದಿನವೇ ನಡವಳಿಯ ಕರಡು ಸಿದ್ಧವಾಗಿತ್ತು. ಕಂಪನಿಗೆ ವರದಿ ಮಾಡಿಕೊಟ್ಟವರು ಪೆನ್‌ಡ್ರೈವಿನಲ್ಲಿ ತಂದುಕೊಟ್ಟಿದ್ದರು. ಜನರ ಹೆಸರು ತುಂಬುವ ಜಾಗ ಮಾತ್ರ ಖಾಲಿ. ಎಲ್ಲ ಸಭೆಗೂ ಹೀಗೇ ನಡೆಯುತ್ತದೆ, ಯಾರಿಗೂ ಅದು ತಪ್ಪೆಂದು ಅನ್ನಿಸುವುದೇ ಇಲ್ಲ. ನನಗೂ ಅನ್ನಿಸುತ್ತಿರಲಿಲ್ಲ, ನೀವು ಎದ್ದು ನಿಲ್ಲುವವರೆಗೆ.

ನೀವು ಮಾತಾಡಿದ್ದನ್ನು ಶಾರ್ಟ್‌ಹ್ಯಾಂಡ್‌ನಲ್ಲಿ ಅಕ್ಷರ ಬಿಡದೆ ಬರೆದುಕೊಂಡೆ. ಆ ನೋಟ್‌ಬುಕ್ ನನ್ನ ಹತ್ತಿರವೇ ಇದೆ. ನೀವು ಹೇಳಿದ್ದು ಇದು:

"ನಾನು ಬೀರಯ್ಯ ಅಂತ. ನೀವ್ ಏನ್ ಯೋಳುದ್ರೂ ನಂಗ್ ಕೇಳ್ಸಲ್ಲ, ಅದ್ಕೇ ನನ್ ಮಾತ್ ಮೊದ್ಲು ಕೇಳ್ಕಳಿ. ಕುಣಿಗಲ್ ರೋಡಿನ ಕ್ರಷರ್‌ನಾಗೆ ಹದ್ನಾಲ್ಕ್ ವರ್ಷ ದುಡ್ದಿವ್ನಿ. ಕಲ್ ಒಡ್ಯದು ಪಾಪ ಅಂತ ನಾನ್ ಅನ್ನಲ್ಲ, ಮನೆ ಕಟ್ಟಕ್ಕೆ ಎಲ್ರಿಗೂ ಕಲ್ ಬೇಕು. ಆದ್ರೆ ನಮ್ ಸೋಮಕ್ಕನ ಕಟ್ಟೆ ನಿಮ್ ಪುಸ್ತಕ್ದಾಗೆ ಇಲ್ಲ. ಗುಡ್ಡ ಅದುರಿದ್ರೆ ಅದರ ಜಲ ದಾರಿ ತಪ್ತದೆ. ಅದು ನಾನ್ ಕಂಡಿರೋದು, ಓದಿರೋದಲ್ಲ. ಒಂದ್ಸಲ ಬಂದು ಅಳ್ದು ನೋಡಿ ಸಾಮಿ. ಅಳದ್ ಮ್ಯಾಲೂ ಕಟ್ಟೆ ಇಲ್ಲ ಅಂತಾದ್ರೆ ನಾನೇ ಸೈನ್ ಹಾಕ್ತೀನಿ."

ಅದಕ್ಕೆ ಸಾಹೇಬರು ಮೈಕಿನಲ್ಲಿ ಹೇಳಿದ್ದು: "ಆಯ್ತು ಕೂತ್ಕೊಳಿ ಯಜಮಾನ್ರೇ, ಎಲ್ರಿಗೂ ಹೊಟ್ಟೆ ಹಸೀತಿದೆ." ಜನ ನಕ್ಕಿದ್ದು, ಚಪ್ಪಾಳೆ ತಟ್ಟಿದ್ದು ಅದಕ್ಕೆ. ಅಳತೆ ಮಾಡಿಸುತ್ತೇನೆಂದು ಅವರು ಹೇಳಲೇ ಇಲ್ಲ. ಅದನ್ನು ನಾನು ಕಟ್ಟಿ ಬರೆದೆ. ಉತ್ತರಕ್ಕೆ ನೀವು ಕಾಯುತ್ತಿದ್ದೀರೆಂದು ತಿಳಿದು, ಹೊಟ್ಟೆ ಹಸಿವಿನ ಮಾತನ್ನು ನಿಮಗೆ ಬರೆಯಲು ಕೈ ಬರಲಿಲ್ಲ. ಒಂದು ಒಳ್ಳೆಯ ಮಾತು ಬರೆದರೆ ಮರೆತುಬಿಡುತ್ತೀರಿ ಎಂದುಕೊಂಡೆ. ಊರನ್ನೇ ಅದರ ಮೇಲೆ ನಿಲ್ಲಿಸುತ್ತೀರೆಂದು ಊಹಿಸಲಿಲ್ಲ.

ಸಾಹೇಬರು ಊಟದ ಹೊತ್ತಿನಲ್ಲಿ ನನ್ನ ನೋಟ್‌ಬುಕ್ ನೋಡಿದರು. "ಇದೆಲ್ಲ ಬರೀತಾ ಕೂತ್ರೆ ನಡವಳಿ ಅಲ್ಲಮ್ಮ, ಪುರಾಣ ಆಗುತ್ತೆ. ಕ್ರಷರ್‌ನಲ್ಲಿ ಅನುಭವ ಇದೆ ಅಂದ್ರಲ್ಲ? ಕೆಲಸ ಕೇಳಿದ್ರು ಅಂತ ಹಾಕಿ" ಎಂದರು. ನಾನು ನೋಟ್‌ಬುಕ್ ಹಿಡಿದು ಅಲ್ಲೇ ನಿಂತೆ. "ಏನು, ನಿಮ್ ಕಡೆಯವ್ರಾ?" ಎಂದು ಕೇಳಿದರು. "ಇಲ್ಲ ಸಾರ್" ಎಂದೆ. ಟೈಪ್ ಮಾಡಿದೆ. ಆಮೇಲೆ ಅದನ್ನೇ ಮೈಕಿನಲ್ಲಿ ಓದಿದೆ. ಎದುರಿಗೆ ನೀವೊಬ್ಬರೇ ಕೂತು ನನ್ನ ಮುಖ ನೋಡಿ ನಗುತ್ತಿದ್ದಿರಿ, ತಲೆ ಆಡಿಸುತ್ತಿದ್ದಿರಿ. ನಾನು ನಿಲ್ಲಿಸಲಿಲ್ಲ ಅಣ್ಣಯ್ಯ. ಅದಾದ ಮೇಲೆ ನಿಮ್ಮನ್ನು ಹೇಗೆ ಮಾತಾಡಿಸಲಿ? ಜೀಪಿಗೆ ಹೋಗಿ ಕೂತದ್ದು ಅದಕ್ಕೇ.

ಮಾರ್ಚಿನಲ್ಲಿ ಒಪ್ಪಿಗೆ ಬಂದಾಗ ನನಗೆ ಗೊತ್ತಾಯಿತು. ತೊಂಬತ್ತು ದಿನವಿದೆಯೆಂದೂ ಗೊತ್ತಿತ್ತು. ಕ್ಯಾಲೆಂಡರ್ ನೋಡುತ್ತಿದ್ದೆ. ಬರೆದರೆ ಸುಳ್ಳು ಹೊರಗೆ ಬರುತ್ತದೆ, ಬರೆಯದಿದ್ದರೆ ದಿನ ಹೋಗುತ್ತದೆ. ಕುಣಿಗಲ್‌ನಿಂದ ಬರೆಯಲು ಕೂತ ದಿನ ಎರಡು ಹಾಳೆ ತುಂಬ ನಿಜ ಬರೆದಿದ್ದೆ. ಹರಿದುಹಾಕಿ ಅತ್ತಿಗೆಯ ಮಂಡಿನೋವು ಕೇಳಿದೆ. ಅಲ್ಲಿನ ಸಭೆಗೆ ತಂದ ಕರಡಿನಲ್ಲಿ ಎರಡು ಕಡೆ ನರಿಗುಡ್ಡ ಎಂಬ ಹೆಸರು ಹಾಗೇ ಉಳಿದಿತ್ತು. ನಾನೇ ತಿದ್ದಿದೆ. ಹೊನ್ನಯ್ಯನವರ ಮಾತನ್ನೂ ನಾನೇ ಒಂದು ಸಾಲು ಮಾಡಿದೆ.

ನೋಟ್‌ಬುಕ್ಕಿನ ಆ ಪುಟವನ್ನು ಮೇಷ್ಟ್ರಿಗೆ ಕೊಡಲು ಸಿದ್ಧಳಿದ್ದೇನೆ. ನೌಕರಿ ಹೋಗಬಹುದು. ಏನು ಮಾಡಲಿ, ನೀವೇ ಹೇಳಿ.

ಶಶಿ


ನರಿಗುಡ್ಡದ ಪಾಳ್ಯ
1 ಸೆಪ್ಟೆಂಬರ್ 2024

ಶಶಿಕಲಾಗೆ,

ನಿನ್ನ ಕಾಗದ ತಲುಪಿ ಮೂರು ವಾರವಾಯಿತು. ಸಿಟ್ಟಿಲ್ಲ ಎಂದು ಬರೆಯಲಾರೆ. ಬಯ್ಯಲೂ ಆಗುತ್ತಿಲ್ಲ.

ಇಲ್ಲಿ ಏನಾಯಿತೆಂದು ಹೇಳುತ್ತೇನೆ. ಶ್ರಾವಣದ ಎರಡನೇ ಶನಿವಾರ ಅರಳಿಕಟ್ಟೆಗೆ ಬಾ ಎಂದು ಹೇಳಿ ಕಳಿಸಿದರು. ಊರೆಲ್ಲ ಕೂತಿತ್ತು. ಕಂಪನಿಯ ಜೆರಾಕ್ಸ್ ಅಷ್ಟು ಹೊತ್ತಿಗೆ ಎಲ್ಲರ ಕೈಗೂ ಹೋಗಿತ್ತು. ಕದರಯ್ಯ ನನ್ನ ನೋಟ್‌ಬುಕ್ ತೆಗೆದುಕೊಂಡು ಬರೆದ: "ಕೆಲಸ ಕೇಳಿದ್ದಕ್ಕೇ ಮೇಷ್ಟ್ರ ಅರ್ಜಿ ತಡೆದೆಯಾ?" ನನ್ನ ಜೊತೆ ಹಗ್ಗ ಹಿಡಿದು ಅಳೆದವನು ಅವನು.

ನಿನ್ನ ಡಿಸೆಂಬರಿನ ಕಾಗದ ನನ್ನ ಅಂಗಿಯ ಜೇಬಿನಲ್ಲಿತ್ತು. ಅದನ್ನು ತೋರಿಸಲೆಂದೇ ಇಟ್ಟುಕೊಂಡು ಹೋಗಿದ್ದೆ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಕೈ ಜೇಬಿನವರೆಗೂ ಹೋಯಿತು. ತೆಗೆಯಲಿಲ್ಲ. "ನಾನು ಕೆಲ್ಸ ಕೇಳಿಲ್ಲ. ಅಳ್ತೆ ಮಾಡ್ತಾರೆ ಅಂತ ನಾನೇ ತಪ್ಪು ತಿಳ್ಕಂಡೆ. ಕಿವುಡನ ಮಾತು ಕಟ್ಕಂಡು ನೀವು ಕೆಟ್ರಿ" ಎಂದೆ. ಕೆಲವರು ಎದ್ದು ಹೋದರು. ಮೇಷ್ಟ್ರು ನನ್ನ ಮುಖವನ್ನೇ ನೋಡುತ್ತಿದ್ದರು. "ನಿನ್ ತಂಗಿ ಬರೆದ ಕಾಗದ ಎಲ್ಲಿ?" ಎಂದು ಬರೆದರು. ಕಳೆದುಹೋಯಿತು ಎಂದೆ. ಅವರು ಪೆನ್ನು ಮುಚ್ಚಿದರು.

ಅಂದಿನಿಂದ ನಮ್ಮ ಮನೆಗೆ ಯಾರೂ ಬರುತ್ತಿಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಯಾರೂ ಏನೂ ಬರೆಯುತ್ತಿಲ್ಲ. ಬಾವುಟದ ಕೆಲಸಕ್ಕೆ ನಾನು ಹೋಗಲಿಲ್ಲ, ಆದರೂ ಹೋಗುತ್ತೇನೆಂದೇ ಊರು ಕಾದಿದೆ. ಕಟ್ಟೆಯಲ್ಲಿ ಮಳೆಯ ನೀರಿದೆ, ಮೇಲೆ ಹಿಟ್ಟಿನ ಹಾಗೆ ಕಲ್ಲುದೂಳು ಕಟ್ಟಿದೆ, ದನ ಮೂಸಿ ವಾಪಸ್ ಬರುತ್ತವೆ. ಬಂಡೆಸೀಳು ಒಣಗಿದೆ.

ನಾನು ಯಾಕೆ ತೋರಿಸಲಿಲ್ಲ ಎಂದು ಪುಟ್ಟಗಂಗಮ್ಮ ಕೇಳುತ್ತಾಳೆ. ನಿನ್ನ ಮೇಲಿನ ಮಮತೆಯಿಂದಲೋ, ತಂಗಿಯೇ ಹೀಗೆ ಮಾಡಿದಳು ಎಂದು ಹತ್ತು ಜನರ ಮುಂದೆ ಹೇಳಿಕೊಳ್ಳಲು ನಾಚಿಕೆಯಿಂದಲೋ.

ಏನು ಮಾಡಲಿ ಎಂದು ಕೇಳಿದ್ದೀಯ. ನಾನು ಹೇಳುವುದಿಲ್ಲ. ನಿನ್ನ ಡಿಸೆಂಬರಿನ ಕಾಗದವನ್ನು ಇದರ ಜೊತೆಗೇ ವಾಪಸ್ ಕಳಿಸಿದ್ದೇನೆ. ಹರಿದರೂ ನಿನ್ನದು, ಇಟ್ಟುಕೊಂಡರೂ ನಿನ್ನದು.

ಶುಕ್ರವಾರ ಗೌರಿ ಹಬ್ಬ. ಈ ಸಲ ನಾನು ಬಾಗಿನ ತರುವುದಿಲ್ಲ. ಕಾಯಬೇಡ.

ಬೀರಯ್ಯ


ತುಮಕೂರು
17 ಸೆಪ್ಟೆಂಬರ್ 2024

ಅಣ್ಣಯ್ಯನವರಿಗೆ,

ಮೊನ್ನೆ ಭಾನುವಾರ ಊರಿಗೆ ಬಂದಿದ್ದೆ. ಅತ್ತಿಗೆ ನಿಮಗೆ ಹೇಳಿರಬಹುದು, ಹೇಳದೆಯೂ ಇರಬಹುದು.

ಬಸ್ಸಿಳಿದು ಮೊದಲು ಶಿವರಾಮಯ್ಯ ಮೇಷ್ಟ್ರ ಮನೆಗೆ ಹೋದೆ. ನೀವು ವಾಪಸ್ ಕಳಿಸಿದ ಕಾಗದ, ನೋಟ್‌ಬುಕ್ಕಿನ ಪುಟ, ಅದನ್ನು ಕನ್ನಡದಲ್ಲಿ ಬಿಡಿಸಿ ಬರೆದು ನಾನು ಸಹಿ ಮಾಡಿದ ಹಾಳೆ, ಮೂರನ್ನೂ ಅವರ ಮುಂದೆ ಇಟ್ಟೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದರು. ಆಮೇಲೆ ಒಂದೇ ಮಾತು ಕೇಳಿದರು. "ಜೂನ್‌ಗೆ ಮುಂಚೆ ನಿಂಗೆ ಇದು ಗೊತ್ತಿತ್ತೇನಮ್ಮ?" ಗೊತ್ತಿತ್ತು ಎಂದೆ. ಅವರು ಬಯ್ಯಲಿಲ್ಲ. ಟ್ರಂಕಿನಿಂದ ಆ ಅರವತ್ತೆರಡು ಸಹಿಯ ಅರ್ಜಿ ತೆಗೆದು ಇವನ್ನೂ ಅದರ ಜೊತೆ ಇಟ್ಟರು. ಹೈಕೋರ್ಟಿನ ವಕೀಲರೊಬ್ಬರಿಗೆ ತೋರಿಸುತ್ತಾರಂತೆ. ಗಡುವು ದಾಟಿದ ಮೇಲೆ ಕೋರ್ಟು ಕೇಳುತ್ತದೋ ಇಲ್ಲವೋ, ಭರವಸೆ ಇಟ್ಟುಕೊಳ್ಳಬೇಡ ಎಂದರು. ಕದರಯ್ಯನನ್ನು ಕರೆಸಿ ಅವನಿಗೂ ಓದಲು ಕೊಟ್ಟರು. ಅವನು ಓದಿ ನನ್ನ ಮುಖ ನೋಡದೆ ಎದ್ದು ಹೋದ. ನೀವು ಕೆಲಸಕ್ಕಾಗಿ ಮಾಡಿದವರಲ್ಲ ಎಂಬುದು ಸಂಜೆಯೊಳಗೆ ಊರಿಗೆ ತಿಳಿದಿರುತ್ತದೆ.

ಇವತ್ತು ಬೆಳಿಗ್ಗೆ ಅಂಜನ್‌ಕುಮಾರ್ ಸಾಹೇಬರಿಗೂ ನಾನೇ ಹೇಳಿದೆ. "ಎಷ್ಟು ಸಭೆ ಮಾಡಿದೀವಿ ನಾವಿಬ್ರೂ, ಒಂದ್ಸಲನಾದ್ರೂ ಬಾಯಿ ಬಿಟ್ಟಿದ್ದೀರಾ?" ಎಂದರು. ಅದು ನಿಜ. ಮಧ್ಯಾಹ್ನ ನೋಟಿಸ್ ಕೊಟ್ಟರು. ವಿಚಾರಣೆ ಮುಗಿಯುವ ತನಕ ಕಚೇರಿಗೆ ಬರಬೇಡವೆಂದಿದೆ. ರವೀಶ್ ನನ್ನ ಜೊತೆ ಮಾತಾಡುತ್ತಿಲ್ಲ.

ಭಾನುವಾರ ಮೇಷ್ಟ್ರ ಮನೆಯಿಂದ ನಿಮ್ಮಲ್ಲಿಗೂ ಬಂದೆ. ನೀವು ಹಸು ಹೊಡೆದುಕೊಂಡು ಹೋಗಿದ್ದಿರಿ. ಅತ್ತಿಗೆ ಚೊಂಬಿನಲ್ಲಿ ನೀರು ತಂದು ಜಗಲಿಯ ಮೇಲಿಟ್ಟು ಒಳಗೆ ಹೋದರು. ಸಿಡಿಮದ್ದಿನ ಅದುರಿಗೆ ಗೋಡೆಯಲ್ಲಿ ಬಿಟ್ಟಿರುವ ಬಿರುಕು ನೋಡಿದೆ. ಒಂದು ಗಂಟೆ ಕೂತಿದ್ದೆ, ನೀವು ಬರಲಿಲ್ಲ, ಕೊನೆಯ ಬಸ್ಸು ಬಂತು.

ಊರ ಹೊರಗಿನ ತಿರುವಿನಲ್ಲಿ ನೀವು ಕಂಡಿರಿ. ಹಸುವಿನ ಹಗ್ಗ ಹಿಡಿದು ರಸ್ತೆಯ ಅಂಚಿನಲ್ಲಿ ನಮ್ಮ ಬಸ್ಸಿಗೆ ಬೆನ್ನು ಮಾಡಿ ನಡೆಯುತ್ತಿದ್ದಿರಿ. ತುಂಬ ಇಳಿದುಹೋಗಿದ್ದೀರಿ. ಕಿಟಕಿಯಿಂದ ತಲೆ ಹೊರಗೆ ಹಾಕಿ "ಅಣ್ಣಯ್ಯಾ" ಎಂದು ಕೂಗಿದೆ. ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಬಸ್ಸು ನಿಮ್ಮನ್ನು ದಾಟಿಹೋಯಿತು. ಇನ್ನೂ ಎರಡು ಸಲ ಕೂಗಿದ ಮೇಲೆ ನನಗೆ ನೆನಪಾಯಿತು.

ಶಶಿ